ಕಡಿಯಂಗೆ ಹೋಗಿ ಬಂದ ಪಾಮ್ ಸಸಿ

ನಮ್ಮ ಮೊಮ್ಮಗಳು ಪುಟ್ಟಿಯ ಹತ್ತಿರ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇದೆ. ಅದರ ಒಂದು ಪುಟದಲ್ಲಿ ಹೀಗೆ ಬರೆದಿದ್ದಾಳೆ:

ಬಿತ್ತಿದ್ದು 24. ಮೊಳೆಯದೆ ಹೋದದ್ದು 5. ತಾತ ಕೊಂದದ್ದು 7. ಉಳಿದದ್ದು 12.

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದವನು ನಾನು. ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದೇ ಕಸುಬಾಗಿತ್ತು. ಈ ಪುಟವನ್ನು ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಕೂಡಿ ನೋಡಿದೆ. ಒಂದು ತಪ್ಪೂ ಸಿಗಲಿಲ್ಲ.

ಇದು ಎರಡು ವರ್ಷದ ಹಿಂದೆ ಶುರುವಾದ ಕಥೆ. ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಪಾರ್ಕಿನೊಳಗೆ ಒಂದು ಸಾಲು ಫಾಕ್ಸ್‌ಟೇಲ್ ಪಾಮ್ ಮರಗಳಿವೆ. ತೆಂಗಿನ ಗರಿಯಂತೆ ಚಪ್ಪಟೆಯಾಗಿರದೆ, ನರಿಯ ಬಾಲದ ಹಾಗೆ ಸುತ್ತಲೂ ಪೊದೆಪೊದೆಯಾಗಿ ಎಲೆ ಇರುವುದರಿಂದ ಆ ಹೆಸರು. ಬೇಸಿಗೆ ಕಳೆಯುವಾಗ ಮರದಡಿಯಲ್ಲಿ ಕಿತ್ತಳೆ-ಕೆಂಪು ಬಣ್ಣದ ಹಣ್ಣು ಬಿದ್ದಿದ್ದವು. ಸಿಪ್ಪೆ ಬಿಡಿಸಿದರೆ ಒಳಗೆ ಕಪ್ಪು ನಾರು ಜಾಲರಿಯಂತೆ ಹೆಣೆದುಕೊಂಡ ಬೀಜ. ಪುಟ್ಟಿ 24 ಬೀಜ ಆರಿಸಿ ತಂದು, ಎರಡು ದಿನ ನೀರಿನಲ್ಲಿ ನೆನೆಹಾಕಿ, ಜೂನ್ ತಿಂಗಳಲ್ಲಿ ಮರಳು ತುಂಬಿದ ಟ್ರೇನಲ್ಲಿ ಊರಿದಳು. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು, ಏನೂ ಇಲ್ಲ. "ಬಿಡು ಪುಟ್ಟಿ, ಅವು ಸತ್ತ ಬೀಜ" ಎಂದೆ. ಅವಳು ಬಿಡಲಿಲ್ಲ. ಗಣೇಶನ ಹಬ್ಬದ ವಾರ ಮೊದಲನೆಯದು ಮೊಳಕೆ ತೋರಿಸಿತು. ದೀಪಾವಳಿಯ ಹೊತ್ತಿಗೆ ಹತ್ತೊಂಬತ್ತಾದವು. ಒಂದೊಂದನ್ನೂ ಹಳೆಯ ಐಸ್‌ಕ್ರೀಮ್ ಡಬ್ಬಿಗೆ ಮಣ್ಣು ತುಂಬಿ ಬದಲಾಯಿಸಿದೆವು. ಮಣ್ಣು ತುಂಬಿದ್ದು ನಾನು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಕ್ಕಳೇ, ಪಾಮ್ ಸಸಿಗೆ ಮೊದಲ ಕೆಲವು ತಿಂಗಳು ನಾವು ಊಟ ಹಾಕಬೇಕಾಗಿಲ್ಲ. ಬೀಜದೊಳಗೆ ಗಟ್ಟಿಯಾದ ಬಿಳಿ ತಿರುಳಿದೆಯಲ್ಲ, ಅದು ತಾಯಿ ಮರ ಕಟ್ಟಿಕೊಟ್ಟ ಬುತ್ತಿ. ಬುತ್ತಿ ಮುಗಿಯುವ ಹೊತ್ತಿಗೆ ಬೇರು ಮಣ್ಣಿನಲ್ಲಿ ತಾನೇ ಊಟ ಹುಡುಕಿಕೊಳ್ಳಬೇಕು. ನಮ್ಮ ಸಸಿಗಳಿಗೆ ಕಷ್ಟ ಬಂದದ್ದು ಆಗಲೇ. ಯುಗಾದಿಯ ಹೊತ್ತಿಗೆ ಹೊಸದಾಗಿ ಬಂದ ಎಲೆಗಳೆಲ್ಲ ತೆಳು ಹಳದಿ.

ಹಸಿದಿದೆ ಎಂದುಕೊಂಡೆ. ಹಳ್ಳಿಯಿಂದ ತಂದಿದ್ದ ಡಿಎಪಿ ಗೊಬ್ಬರ ಮನೆಯಲ್ಲಿತ್ತು. ಒಂದೊಂದು ಡಬ್ಬಿಗೆ ಒಂದೊಂದು ಚಮಚ ಹಾಕುತ್ತ ಹೋದೆ. ಏಳನೆಯದಕ್ಕೆ ಹಾಕುವಾಗ ಪುಟ್ಟಿ ಶಾಲೆಯಿಂದ ಬಂದು "ತಾತ, ಎಷ್ಟು ಹಾಕಬೇಕು ಅಂತ ಬರೆದಿದೆಯಾ?" ಎಂದು ಕೇಳಿದಳು. ನಾನು ಅಲ್ಲಿಗೆ ನಿಲ್ಲಿಸಿದೆ. ಹದಿನೈದು ದಿನದೊಳಗೆ ಆ ಏಳೂ ತುದಿಯಿಂದ ಕಂದು ತಿರುಗಿ ಸತ್ತವು. ಗೊಬ್ಬರವೂ ಒಂದು ಬಗೆಯ ಉಪ್ಪೇ. ಅಷ್ಟು ಸಣ್ಣ ಡಬ್ಬಿಯಲ್ಲಿ ಅಷ್ಟು ಉಪ್ಪು ಬಿದ್ದರೆ ಬೇರು ನೀರು ಹೀರುವುದಿರಲಿ, ತನ್ನಲ್ಲಿದ್ದ ನೀರನ್ನೇ ಕಳೆದುಕೊಳ್ಳುತ್ತದೆ. ಉಪ್ಪಿನಕಾಯಿಗೆ ಹಾಕಿದ ಮಾವಿನ ಮಿಡಿ ಸುಕ್ಕುಗಟ್ಟುತ್ತದಲ್ಲ, ಹಾಗೆ.

ಪುಟ್ಟಿ ಅಳಲಿಲ್ಲ, ಬೈಯಲಿಲ್ಲ. ಉಳಿದ ಹನ್ನೆರಡು ಡಬ್ಬಿಗಳನ್ನು ಮಹಡಿಯ ಬಾಲ್ಕನಿಗೆ ಸಾಗಿಸಿದಳು. ನೋಟ್‌ಬುಕ್ಕಿನಲ್ಲಿ ಬರೆದಳು. ನನ್ನ ಹತ್ತಿರ ಎಲ್ಲ ವಿಷಯ ಮಾತಾಡುತ್ತಿದ್ದಳು, ಗಿಡದ ವಿಷಯ ಮಾತ್ರ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಆಮೇಲೆ ಗೊಬ್ಬರದ ಅಂಗಡಿಯೊಂದರಲ್ಲಿ ಒಂದು ಡಬ್ಬಿ ಕಪ್ಪು ದ್ರವ ಕೊಂಡೆ. ಹೆಸರು ಹ್ಯೂಮಿಕ್ ಆ್ಯಸಿಡ್. "ಗಿಡಕ್ಕೆ ಟಾನಿಕ್ ಸಾರ್, ವಾರದಲ್ಲಿ ಹಸಿರಾಗುತ್ತೆ" ಎಂದರು ಅಂಗಡಿಯವರು. ಪುಟ್ಟಿ 'ಆ್ಯಸಿಡ್' ಎಂಬ ಪದ ಓದಿ ಎರಡು ಹೆಜ್ಜೆ ಹಿಂದೆ ಸರಿದಳು. ಬಹಳ ಕೇಳಿಕೊಂಡ ಮೇಲೆ ಎರಡೇ ಎರಡು ಡಬ್ಬಿಗೆ ಅನುಮತಿ ಸಿಕ್ಕಿತು. ವಾರವಾಯಿತು, ತಿಂಗಳಾಯಿತು. ಸಸಿ ಸಾಯಲಿಲ್ಲ, ಹಸಿರೂ ಆಗಲಿಲ್ಲ.

ಅಷ್ಟರಲ್ಲಿ ರಾಜಮಂಡ್ರಿಯಿಂದ ಒಂದು ಆಮಂತ್ರಣ ಬಂತು. ಪಾವಗಡ ಶಾಖೆಯಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿದ್ದ ಹಿರಿಯ ಗೆಳೆಯರೊಬ್ಬರ ಸಹಸ್ರ ಚಂದ್ರ ದರ್ಶನ ಶಾಂತಿ. ಅವರು ಗೋದಾವರಿ ಕಡೆಯವರು. ನನಗೆ ತೆಲುಗು ಕಲಿಸಿದ್ದೂ ಅವರೇ. ಫೋನಿನಲ್ಲಿ ಗಿಡದ ಕಥೆ ಕೇಳಿ ನಕ್ಕುಬಿಟ್ಟರು. "ಗಿಡದ ಊರು ಕಡಿಯಂ ನಮ್ಮಿಂದ ಹತ್ತು ಕಿಲೋಮೀಟರ್ ಕೂಡ ಇಲ್ಲ. ಮೊಮ್ಮಗಳನ್ನೂ ಕರೆದುಕೊಂಡು ಬಾ" ಎಂದರು. ದಸರಾ ರಜೆ ಬೇರೆ ಇತ್ತು.

ಶೇಷಾದ್ರಿ ಎಕ್ಸ್‌ಪ್ರೆಸ್‌ನಲ್ಲಿ ಹೊರಟೆವು. ಪುಟ್ಟಿ ಒಂದು ಸಸಿಯನ್ನು ಡಬ್ಬಿ ಸಮೇತ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಕಾಟ್ಪಾಡಿ ದಾಟಿತು, ತಿರುಪತಿ ದಾಟಿತು, ಇಡ್ಲಿ ತಿನ್ನುವಾಗಲೂ ಎಡಗೈ ಡಬ್ಬಿಯ ಮೇಲೆ. ಎದುರಿನ ಸೀಟಿನ ಅಜ್ಜಿಯೊಬ್ಬರು "ತಾತನ ಕೈಗೆ ಕೊಡಮ್ಮ, ಸ್ವಲ್ಪ ಹೊತ್ತು ಮಲಗು" ಎಂದರು. "ಬೇಡ ಅಜ್ಜಿ" ಎಂದಳು, ಅಷ್ಟೇ. ಕಾರಣ ಹೇಳಲಿಲ್ಲ. ನಾನು ಕಿಟಕಿಯ ಆಚೆ ನೋಡಿದೆ.

ಮರುದಿನ ಕೊವ್ವೂರು ದಾಟಿದ ಕೂಡಲೇ ಗೋದಾವರಿ. ಸಮುದ್ರ ಹತ್ತಿರವಾದ್ದರಿಂದ ನದಿ ಅಲ್ಲಿ ಮೈ ಚಾಚಿ ಮಲಗಿದೆ, ರೈಲು ಎಷ್ಟು ಹೊತ್ತು ಓಡಿದರೂ ಸೇತುವೆ ಮುಗಿಯುವುದಿಲ್ಲ. ಬೋಗಿಯಲ್ಲಿದ್ದವರೆಲ್ಲ ಕೈಮುಗಿದು ನಾಣ್ಯ ಹಾಕಿದರು. ಪಕ್ಕದಲ್ಲೇ 1900ರಲ್ಲಿ ಕಟ್ಟಿದ ಹ್ಯಾವ್‌ಲಾಕ್ ಸೇತುವೆ ಸುಮ್ಮನೆ ನಿಂತಿದೆ. 1997ರಿಂದ ಅದರ ಮೇಲೆ ರೈಲಿಲ್ಲ, ನನ್ನ ಹಾಗೆ ನಿವೃತ್ತ.

ಕಡಿಯಂ, ಕಡಿಯಪುಲಂಕ, ಬುರ್ರಿಲಂಕ, ವೇಮಗಿರಿ. 'ಲಂಕ' ಎಂದರೆ ತೆಲುಗಿನಲ್ಲಿ ನದಿಯ ನಡುಗಡ್ಡೆ. ಆಟೋ ರಾಜಮಂಡ್ರಿ ಬಿಟ್ಟು ಹೆದ್ದಾರಿಗೆ ಇಳಿದ ಸ್ವಲ್ಪ ಹೊತ್ತಿಗೆ ಎರಡೂ ಕಡೆ ಗಿಡಗಳು ಶುರುವಾದವು. ಒಂದು ನರ್ಸರಿ ಮುಗಿಯುವ ಕಡೆ ಇನ್ನೊಂದರ ಬೇಲಿ. ಆಕಾಶಕ್ಕೆ ಕೈ ಎತ್ತಿದ ರಾಯಲ್ ಪಾಮ್, ಚೀಲದಲ್ಲಿ ಸಾಲುಗಟ್ಟಿದ ಅರೆಕಾ ಪಾಮ್, ಬೀಸಣಿಗೆಯಂತೆ ಹರಡಿದ ಟ್ರಾವೆಲರ್ಸ್ ಪಾಮ್ (ಈ ಕೊನೆಯದು ಹೆಸರಿಗೆ ಮಾತ್ರ ಪಾಮ್, ನಿಜವಾಗಿ ಬಾಳೆಯ ದೂರದ ನೆಂಟ). ಲಾರಿಗಳಿಗೆ ಗಿಡ ತುಂಬುತ್ತಿದ್ದರು. ಒಂದು ಲಾರಿಯ ನಂಬರು 'ಕೆಎ' ಎಂದಿದ್ದು ನೋಡಿ ಪುಟ್ಟಿ ಕೂಗಿದಳು. ಬೆಂಗಳೂರಿನ ರಸ್ತೆ ಬದಿಯ ನರ್ಸರಿಗಳಲ್ಲಿ ನಾವು ಕೊಳ್ಳುವ ಬಹಳಷ್ಟು ಗಿಡ ಬರುವುದು ಇಲ್ಲಿಂದಲೇ.

ಇಲ್ಲೇ ಯಾಕೆ ಇಷ್ಟೊಂದು ಎಂದರೆ ಎರಡು ಕಾರಣ: ಗೋದಾವರಿ ತಂದು ಹಾಸಿದ ಮೆಕ್ಕಲು ಮಣ್ಣು, ಮತ್ತು ಕಾಲುವೆ ನೀರು. ಸಮೀಪದ ಧವಳೇಶ್ವರದಲ್ಲಿ ಆರ್ಥರ್ ಕಾಟನ್ ಎಂಬ ಇಂಗ್ಲಿಷ್ ಎಂಜಿನಿಯರ್ 1847ರಿಂದ 1852ರವರೆಗೆ ನದಿಗೆ ಅಡ್ಡಕಟ್ಟೆ ಕಟ್ಟಿಸಿದ. ಅವನ ಪ್ರತಿಮೆಗೆ ಈ ಸೀಮೆಯ ರೈತರು ಇಂದಿಗೂ ಹಾರ ಹಾಕುತ್ತಾರೆ.

ಗೆಳೆಯರ ಪರಿಚಯದ ಒಂದು ನರ್ಸರಿಗೆ ಹೋದೆವು. ಯಜಮಾನರಿಗೆ ಅರವತ್ತು ದಾಟಿರಬಹುದು, ಪಂಚೆ ಮೇಲೆ ಕಟ್ಟಿ ಬರಿಗಾಲಲ್ಲಿ ಓಡಾಡುತ್ತಿದ್ದರು. ನನ್ನನ್ನು "ಅನ್ನಯ್ಯಗಾರೂ" ಎಂದು ಮಾತಾಡಿಸಿ, ಪುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಡಬ್ಬಿಗೆ ಕೈ ಚಾಚಿದರು. ಎರಡು ರಾಜ್ಯ ದಾಟುವವರೆಗೂ ಯಾರಿಗೂ ಕೊಡದವಳು ಅವರಿಗೆ ಕೊಟ್ಟಳು.

ಅವರು ಎಲೆ ನೋಡಿದ್ದು ಒಂದೇ ಕ್ಷಣ. "ಹೊಸ ಎಲೆ ಹಳದಿ, ಹಳೆ ಎಲೆ ಹಸಿರು. ಹೌದಾ ಪಾಪಾ?" ಎಂದರು. ಮಣ್ಣಿನಲ್ಲಿ ಪೊಟ್ಯಾಶ್ ಅಥವಾ ಮೆಗ್ನೀಷಿಯಂ ಸಾಲದೆ ಹೋದರೆ ಪಾಮ್ ತನ್ನ ಹಳೆಯ ಎಲೆಯಿಂದ ಅದನ್ನು ಎಳೆದು ಹೊಸ ಎಲೆಗೆ ಕೊಡುತ್ತದೆ. ಆಗ ಮೊದಲು ಹಳೆಯ ಎಲೆ ಬಾಡುತ್ತದೆ. ಕಬ್ಬಿಣ, ಮ್ಯಾಂಗನೀಸ್ ಹಾಗಲ್ಲ, ಒಮ್ಮೆ ಎಲೆಗೆ ಸೇರಿದರೆ ಅಲ್ಲಿಂದ ಕದಲುವುದಿಲ್ಲ. ಹೊಸದಾಗಿ ಸಿಗದಿದ್ದರೆ ಹೊಸ ಎಲೆಯೇ ಬಿಳಿಚಿಕೊಳ್ಳುತ್ತದೆ. ಅಂದರೆ ಹಳೆಯದೆಲ್ಲ ಉಳಿತಾಯ ಖಾತೆ ಎಂದು ನಂಬುವ ಹಾಗಿಲ್ಲ, ಕೆಲವು ಠೇವಣಿ ವಾಪಸ್ ಬರುವುದೇ ಇಲ್ಲ. ನಮ್ಮ ಸಸಿಗೆ ಬೇಕಾಗಿದ್ದದ್ದು ಕಬ್ಬಿಣ. ನಾನು ಹಾಕಿದ್ದ ಡಿಎಪಿಯಲ್ಲಿ ಶೇಕಡಾ 18 ಸಾರಜನಕ, 46 ರಂಜಕ. ಕಬ್ಬಿಣವಿಲ್ಲ, ಪಾಮ್ ಜಾತಿಗೆ ಬಹಳ ಬೇಕಾದ ಪೊಟ್ಯಾಶೂ ಇಲ್ಲ. ಸಾಲದ್ದಕ್ಕೆ ರಂಜಕ ಅತಿಯಾದರೆ ಇದ್ದ ಕಬ್ಬಿಣವೂ ಸಿಗದ ಹಾಗಾಗುತ್ತದೆ.

"ಮನೆಗೆ ಯಾವ ನೀರು?" ಎಂದು ಕೇಳಿದರು. ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಿಗೆಲ್ಲ ಬಿಳಿ ಕಟ್ಟುವಷ್ಟು ಗಡಸು. ಅವರು ತಲೆದೂಗಿ, ಡಬ್ಬಿಯನ್ನು ಬೋರಲು ಹಾಕಿ ತಟ್ಟಿದರು. ಮಣ್ಣಿನ ಮುದ್ದೆ ಹಾಗೇ ಕಳಚಿ ಬಂತು. ಕೆಳಗೆ ಕೆಸರು, ಕೊಳೆತ ವಾಸನೆ. ಬೇರುಗಳು ಕಂದು ಬಣ್ಣಕ್ಕೆ ತಿರುಗಿ ಡಬ್ಬಿಯ ತಳದಲ್ಲಿ ಸುತ್ತಿಕೊಂಡಿದ್ದವು. ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದರು.

"ತೂತು ಎಲ್ಲಿ?"

ಇರಲಿಲ್ಲ. ಮಣ್ಣು ತುಂಬಿದ್ದು ನಾನು ಎಂದು ಆಗಲೇ ಹೇಳಿದೆನಲ್ಲ. ಪುಟ್ಟಿ ನನ್ನ ಕಡೆ ತಿರುಗಿ ನೋಡಲೂ ಇಲ್ಲ, ನೋಟ್‌ಬುಕ್ ತೆಗೆದು ಏನೋ ಬರೆದಳು.

ನಾನು ಮಾನ ಉಳಿಸಿಕೊಳ್ಳಲು "ಎರಡು ಸಸಿಗೆ ಹ್ಯೂಮಿಕ್ ಹಾಕಿ ನೋಡಿದ್ದೆ, ಪ್ರಯೋಜನ ಆಗಲಿಲ್ಲ" ಎಂದೆ. ಯಜಮಾನರು ಎದ್ದು ನೆರಳು ಬಲೆಯ ಕೆಳಗಿದ್ದ ಫಾಕ್ಸ್‌ಟೇಲ್ ಸಸಿಗಳ ಕಡೆ ನಡೆದರು. ಎರಡು ಮಡಿ. ಒಂದಕ್ಕೆ ಹ್ಯೂಮಿಕ್ ಕೊಟ್ಟದ್ದು, ಇನ್ನೊಂದಕ್ಕೆ ಕೊಡದ್ದು. ಎಲೆ ನೋಡಿದರೆ ನನಗೆ ವ್ಯತ್ಯಾಸ ಕಾಣಲಿಲ್ಲ. ಒಂದೊಂದು ಚೀಲ ಬಿಚ್ಚಿ ಬೇರು ತೋರಿಸಿದರು. ಆಗ ಕಂಡಿತು. ಒಂದರಲ್ಲಿ ದಪ್ಪ ಬೇರು ನಾಲ್ಕಾರು, ಇನ್ನೊಂದರಲ್ಲಿ ಅವುಗಳ ಮೈತುಂಬ ಬಿಳಿ ಕೂದಲಿನಂಥ ಎಳೆ ಬೇರು.

ಪುಟ್ಟಿ ಕೇಳಿದಳು: "ಇದು ಗಿಡಕ್ಕೆ ಊಟಾನಾ, ಔಷಧಿನಾ?"

"ಎರಡೂ ಅಲ್ಲ ಪಾಪಾ. ಬಡಿಸೋನು."

ನಾನು ಅರ್ಥ ಹೇಳುವ ಮೊದಲೇ ಅವರು ಮುಂದುವರಿಸಿದರು. ಅಡುಗೆಮನೆಯಲ್ಲಿ ಎಲ್ಲ ಇದ್ದರೂ ಬಡಿಸುವವರು ಇಲ್ಲದಿದ್ದರೆ ಎಲೆಯ ಮುಂದೆ ಕೂತವರು ಹಸಿದೇ ಏಳಬೇಕು. ಗಡಸು ನೀರಿನ ಸುಣ್ಣ ಮಣ್ಣಿನ ಕಬ್ಬಿಣವನ್ನು ಕರಗದ ಹಾಗೆ ಮಾಡುತ್ತದೆ. ಹ್ಯೂಮಿಕ್ ಆ ಕಬ್ಬಿಣವನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಬೇರಿನ ಬಾಯಿಗೆ ಮುಟ್ಟಿಸುತ್ತದೆ. ಪೊಟ್ಯಾಶನ್ನೂ ನೀರಿನ ಜೊತೆ ಹರಿದುಹೋಗದಂತೆ ತಡೆದು ಇಟ್ಟುಕೊಳ್ಳುತ್ತದೆ. ಆದರೆ ಪಾತ್ರೆಯೇ ಖಾಲಿಯಿದ್ದರೆ ಬಡಿಸುವವನು ಸೌಟು ಹಿಡಿದು ಏನು ಮಾಡಿಯಾನು? ತೂತಿಲ್ಲದ ಡಬ್ಬಿಯಲ್ಲಿ ಉಣ್ಣಬೇಕಾದ ಬೇರೇ ಉಸಿರು ಕಟ್ಟಿ ಮಲಗಿತ್ತು.

ಈ ಕಪ್ಪು ದ್ರವ ಎಲ್ಲಿಂದ ಬರುತ್ತದೆ ಎಂಬುದೂ ಕೇಳಬೇಕಾದ ಸಂಗತಿ. ಕಾಡಿನಲ್ಲಿ ತರಗೆಲೆ ಸರಿಸಿದರೆ ಕೆಳಗೆ ಕಪ್ಪು ಮಣ್ಣು ಕಾಣುತ್ತದಲ್ಲ, ಎಲೆ-ಕಡ್ಡಿಗಳು ಕೊಳೆತು ಆದದ್ದು. ಅದರ ಸಾರವನ್ನು ಮೊದಲು ಬೇರ್ಪಡಿಸಿದವನು ಜರ್ಮನಿಯ ಫ್ರಾಂಜ್ ಆಖರ್ಡ್, 1786ರಲ್ಲಿ. ಜವುಗು ನೆಲದ ಪೀಟ್ ಎಂಬ ಕಪ್ಪು ಮಣ್ಣನ್ನು ಕ್ಷಾರದಲ್ಲಿ ಕರಗಿಸಿ, ಅದಕ್ಕೆ ಆಮ್ಲ ಹಾಕಿದ. ಕಪ್ಪು ಪುಡಿ ಕೆಳಗೆ ಕೂತಿತು. ಬೀಟ್‌ರೂಟಿನ ಜಾತಿಯ ಗೆಡ್ಡೆಯಿಂದ ಸಕ್ಕರೆ ಮಾಡುವ ಮೊದಲ ಕಾರ್ಖಾನೆ ತೆರೆದವನೂ ಅವನೇ. ಈಗ ಅಂಗಡಿಗೆ ಬರುವ ಹ್ಯೂಮಿಕ್ ಬಹುಪಾಲು ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಿನಿಂದ ತೆಗೆದದ್ದು. ತಮಿಳುನಾಡಿನ ನೈವೇಲಿಯಲ್ಲಿ ನೆಲದಡಿ ಲಿಗ್ನೈಟ್ ರಾಶಿ ಇದೆ, ಅದರಿಂದಲೂ ಹ್ಯೂಮಿಕ್ ತೆಗೆಯುತ್ತಾರೆ. ಮನುಷ್ಯ ಹುಟ್ಟುವ ಎಷ್ಟೋ ಮೊದಲು ಬಿದ್ದ ಕಾಡು ಅದು. ಆ ಮರಗಳ ಸಾರ ಇವತ್ತಿನ ಸಸಿಯ ಬೇರಿಗೆ!

ಪುಟ್ಟಿಗೆ ಇನ್ನೂ 'ಆ್ಯಸಿಡ್' ಭಯ ಹೋಗಿರಲಿಲ್ಲ. ಯಜಮಾನರು ಒಂದು ಗಾಜಿನ ಲೋಟದಲ್ಲಿ ಚಹಾದ ಬಣ್ಣ ಬರುವಷ್ಟು ತೆಳುವಾಗಿ ಹ್ಯೂಮಿಕ್ ಕಲಸಿ, ಮೂರು ನಿಂಬೆಹಣ್ಣು ಹಿಂಡಿ, ಪಕ್ಕಕ್ಕಿಟ್ಟರು. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಕಪ್ಪು ಚೂರುಗಳು ತಳಕ್ಕಿಳಿಯುತ್ತಿದ್ದವು, ಮೇಲಿನ ನೀರು ಹಳದಿಯಾಗಿ ತಿಳಿಯಾಗುತ್ತಿತ್ತು. ತಳಕ್ಕೆ ಕೂರುವುದು ಹ್ಯೂಮಿಕ್, ಮೇಲೆ ನೀರಿನಲ್ಲೇ ಉಳಿಯುವುದು ಅದರ ತಮ್ಮ, ಫುಲ್ವಿಕ್. ಹೆಸರಿಗೆ ಆಮ್ಲವಾದರೂ ಡಬ್ಬಿಯಲ್ಲಿ ಬರುವುದು ಸಾಮಾನ್ಯವಾಗಿ ಅದರ ಪೊಟ್ಯಾಸಿಯಂ ಉಪ್ಪು, ಹುಳಿಯಲ್ಲ. ಹುಳಿ ಬೆರೆತರೆ ಹೀಗೆ ಒಡೆದುಹೋಗುತ್ತದೆ, ಆದ್ದರಿಂದ ಆಮ್ಲದ ಗೊಬ್ಬರದ ಜೊತೆ ಒಂದೇ ಬಕೆಟ್ಟಿನಲ್ಲಿ ಕಲಸಬಾರದು. ಇದನ್ನು ನೀವೂ ಮನೆಯಲ್ಲಿ ದೊಡ್ಡವರ ಜೊತೆ ಮಾಡಿ ನೋಡಬಹುದು. ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಜೋಪಾನ. ಕುಡಿಯುವ ಲೋಟವನ್ನಂತೂ ಬಳಸಬೇಡಿ.

ಹೊರಡುವಾಗ ಯಜಮಾನರು ಹೇಳಿದ್ದನ್ನು ಪುಟ್ಟಿ ಬರೆದುಕೊಂಡಳು. ತೂತಿರುವ ಕುಂಡ. ತೋಟದ ಮಣ್ಣು, ಮರಳು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕೊಳೆತ ಗೊಬ್ಬರ. ಸಾಧ್ಯವಾದಷ್ಟು ಮಳೆ ನೀರು. ಚೂರು ಕಬ್ಬಿಣದ ಪುಡಿ, ಚೀಲೇಟ್ ಮಾಡಿದ್ದು. ಆಮೇಲೆ ಅವರ ನರ್ಸರಿಯ ಅಳತೆಯಂತೆ ಲೀಟರ್ ನೀರಿಗೆ ಎರಡು ಮಿಲಿ ಹ್ಯೂಮಿಕ್, ಹದಿನೈದು ದಿನಕ್ಕೊಮ್ಮೆ. ಡಬ್ಬಿಯಿಂದ ಡಬ್ಬಿಗೆ ಕಡುಪು ಬೇರೆ, ಒಂದರ ಮೇಲೆ 12 ಎಂದಿದ್ದರೆ ಇನ್ನೊಂದು ಪೊಟ್ಟಣದ ಮೇಲೆ 98 ಎಂದಿರುತ್ತದೆ, ಓದಿ ಹಾಕಬೇಕು. "ಅಣ್ಣಯ್ಯಗಾರಿಗೆ ಒಂದು ಮಾತು" ಎಂದು ನನ್ನ ಕಡೆ ತಿರುಗಿದರು. "ಮನೆಯಲ್ಲಿ ನಾಲ್ಕು ಗಿಡ ಇರೋರು ಇದನ್ನು ಕೊಳ್ಳಲೇಬೇಕು ಅಂತಿಲ್ಲ. ಎರೆಗೊಬ್ಬರದಲ್ಲೇ ಹ್ಯೂಮಿಕ್ ಇರುತ್ತೆ. ನಮಗೆ ಸಾವಿರಾರು ಚೀಲ, ಅದಕ್ಕೆ ಡಬ್ಬಿ." ವ್ಯಾಪಾರಿಯ ಬಾಯಲ್ಲಿ ಇಂಥ ಮಾತು ನಾನು ಸರ್ವಿಸ್ಸಿನಲ್ಲಿ ಬಹಳ ಕೇಳಿದವನಲ್ಲ. ಕೊನೆಗೆ ಸಸಿಯ ಬುಡ ತೋರಿಸಿ, "ಇಲ್ಲಿಂದ ಮೇಲೆ ಮಣ್ಣು ಹಾಕಬೇಡ ಪಾಪಾ. ಪಾಮ್‌ಗೆ ಸುಳಿ ಒಂದೇ. ಅದು ಕೊಳೆತರೆ ಇನ್ನೊಂದು ಬರಲ್ಲ" ಎಂದರು.

ಮರುದಿನ ಶಾಂತಿಯ ಊಟದಲ್ಲಿ ಪುಟ್ಟಿ ಪುಳಿಹೋರದ ಕಡೆ ನೋಡಲೇ ಇಲ್ಲ. ಪಂಕ್ತಿಯುದ್ದಕ್ಕೂ ಓಡಾಡುವ ಬಡಿಸುವವರನ್ನೇ ನೋಡುತ್ತಿದ್ದಳು. ಗೋಂಗುರ ಚಟ್ನಿಯವನು ನಮ್ಮ ಸಾಲು ಬಿಟ್ಟು ಹೋದಾಗ "ಹ್ಯೂಮಿಕ್! ಹ್ಯೂಮಿಕ್!" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಆರು ತಿಂಗಳಲ್ಲಿ ಗಿಡದ ವಿಷಯವಾಗಿ ತಾನಾಗಿ ನನ್ನ ಹತ್ತಿರ ಆಡಿದ ಮೊದಲ ಮಾತು.

ವಾಪಸು ಬರುವಾಗ ರೈಲಿನಲ್ಲಿ ಅವಳಿಗೆ ಫಾಕ್ಸ್‌ಟೇಲ್ ಮರದ ಕಥೆ ಹೇಳಿದೆ, ಲೈಬ್ರರಿಯಲ್ಲಿ ಓದಿದ್ದು. ಈಗ ನಮ್ಮ ಪಾರ್ಕಿನಲ್ಲೂ ಇರುವ ಈ ಮರದ ತವರು ಆಸ್ಟ್ರೇಲಿಯಾದ ಈಶಾನ್ಯ ಮೂಲೆಯ ಕೇಪ್ ಮೆಲ್‌ವಿಲ್, ಬಂಡೆಗಳ ಬೆಟ್ಟ. ಹೊರಗಿನವರಿಗೆ ಈ ಮರದ ಸುದ್ದಿ ಬಹುಕಾಲ ಗೊತ್ತಿರಲಿಲ್ಲ. ಆ ಸೀಮೆಯ ಮೂಲನಿವಾಸಿ ಹಿರಿಯರೊಬ್ಬರಿಗೆ ಗೊತ್ತಿತ್ತು. ಅವರ ಹೆಸರು ವೊಡ್ಯೆಟಿ. ಅದು ಬೆಳೆಯುವ ಜಾಗದ ಪರಂಪರೆಯ ತಿಳಿವಳಿಕೆ ಇದ್ದವರಲ್ಲಿ ಅವರೇ ಕೊನೆಯವರು. 1978ರಲ್ಲಿ ತೀರಿಕೊಂಡರು. 1983ರಲ್ಲಿ ವಿಜ್ಞಾನಿಗಳು ಮರಕ್ಕೆ ಹೆಸರಿಟ್ಟಾಗ ಅವರ ನೆನಪಿಗೆ 'ವೊಡ್ಯೆಟಿಯಾ' ಎಂದೇ ಇಟ್ಟರು. ಆಮೇಲೆ ಬೀಜಕ್ಕೆ ಎಷ್ಟು ಬೇಡಿಕೆ ಬಂತೆಂದರೆ ಕಾಡಿಗೆ ನುಗ್ಗಿ ಕದ್ದರು.

"ಅವರಿಗೆ ತಮ್ಮ ಹೆಸರು ಇಟ್ಟಿದ್ದು ಗೊತ್ತೇ ಆಗಲಿಲ್ವಾ?"

"ಇಲ್ಲ."

ಪುಟ್ಟಿ ಮಡಿಲಿನಲ್ಲಿದ್ದ ಸಸಿಯನ್ನು ನೋಡಿದಳು. ಯಜಮಾನರು ಅದನ್ನು ತೂತಿನ ಚೀಲಕ್ಕೆ ಬದಲಾಯಿಸಿ ಕೊಟ್ಟಿದ್ದರು. ಪೆನ್ನು ತೆಗೆದು ಚೀಲದ ಮೇಲೆ 'ವೊಡ್ಯೆಟಿ' ಎಂದು ಬರೆದಳು. ಗೂಡೂರು ಬಂದಾಗ ನಿದ್ದೆ ಬಂತು. "ತಾತ, ಸ್ವಲ್ಪ ಹಿಡ್ಕೋ" ಎಂದು ನನ್ನ ಕೈಗಿಟ್ಟು ಮಲಗಿದಳು. ನಾನು ಬೆಂಗಳೂರಿನವರೆಗೆ ಕಾಲು ಅಲ್ಲಾಡಿಸಲಿಲ್ಲ.

ಮನೆಗೆ ಬಂದ ವಾರವೇ ಉಳಿದ ಹನ್ನೊಂದನ್ನೂ ಹೊಸ ಮಣ್ಣಿಗೆ ಬದಲಾಯಿಸಿದೆವು. ತೂತು ಕೊರೆದದ್ದು ನಾನು, ಒಂದೊಂದು ಕುಂಡಕ್ಕೆ ಐದೈದು. ನೆಟ್ಟಿದ್ದು ಅವಳು. ಹಳೆಯ ಹಳದಿ ಎಲೆ ಹಳದಿಯಾಗೇ ಇತ್ತು. ಸಂಕ್ರಾಂತಿಯ ಹೊತ್ತಿಗೆ ಬಂದ ಹೊಸ ಸುಳಿ ಹಸಿರು. ಅದು ಕಬ್ಬಿಣದ ಪುಡಿಯಿಂದಲೋ, ತೂತಿನಿಂದಲೋ, ಬಡಿಸುವವನಿಂದಲೋ ಬಿಡಿಸಿ ಹೇಳಲು ಬರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಲೆಕ್ಕ ಬೇರೆ ಬೇರೆ ಸಿಗುವುದಿಲ್ಲ.

ಫೆಬ್ರವರಿಯಲ್ಲಿ ಒಂದು ರಾತ್ರಿ ಮಹಡಿಯಿಂದ ಇಳಿದು ಬಂದು ನನ್ನ ಮಂಚದ ಪಕ್ಕ ನಿಂತಳು. ಒಂದು ಸಸಿಯ ಸುಳಿ ಕೈಗೆ ಕಳಚಿ ಬಂದಿತ್ತು, ಬುಡದಲ್ಲಿ ಕೊಳೆತಿತ್ತು. ಅದು ಬಾಗುತ್ತಿದೆ ಎಂದು ಗಟ್ಟಿಯಾಗಿ ನಿಲ್ಲಲು ತಾನೇ ಮಣ್ಣು ಏರಿಸಿದ್ದಳಂತೆ. ಸುಳಿಯ ಮೇಲಿನವರೆಗೆ.

ಈಗ ಆ ಪುಟದಲ್ಲಿ ಒಂದು ಸಾಲು ಹೆಚ್ಚಾಗಿದೆ: ಬಿತ್ತಿದ್ದು 24. ಮೊಳೆಯದೆ ಹೋದದ್ದು 5. ತಾತ ಕೊಂದದ್ದು 7. ನಾನು ಕೊಂದದ್ದು 1. ಉಳಿದದ್ದು 11.

ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ಹ್ಯೂಮಿಕ್ ಹಾಕುವ ದಿನ. ನೀರಿನ ಕ್ಯಾನು ಹೊರುವುದು ನಾನು. ಎರಡು ಮಿಲಿ ಅಳೆಯುವ ಸಿರಿಂಜು ಮಾತ್ರ ಇನ್ನೂ ಅವಳ ಕೈಯಲ್ಲೇ ಇದೆ.